ಆಪತ್ತೊಂದೇ ಒರೆಗಲ್ಲೇ?

ಆಪತ್ತಿಗಾದವನೇ ನೆಂಟ ಎಂಬ ಗಾದೆಯನ್ನು ನಾವು ಎಷ್ಟು ಗಟ್ಟಿಯಾಗಿ ನಂಬಿದ್ದೇವೆಂದರೆ, ಆಪತ್ತಿಲ್ಲದ ದಿನಗಳ ಒಡನಾಟಕ್ಕೆ ಧರ್ಮದ ಲೆಕ್ಕದಲ್ಲಿ ಬೆಲೆಯೇ ಇಲ್ಲವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ತಂದೆತಾಯಿಗೆ, ಗುರುವಿಗೆ, ಅತಿಥಿಗೆ ಸಲ್ಲಬೇಕಾದ್ದನ್ನು ನಮ್ಮ ಶಾಸ್ತ್ರಗಳು ವಿವರವಾಗಿ ಹೇಳುತ್ತವೆ. ಗೆಳೆಯನ ಮಾತು ಬಂತೆಂದರೆ ಕಥೆ ಯುದ್ಧಕ್ಕೋ ವನವಾಸಕ್ಕೋ ಪ್ರಾಣಸಂಕಟಕ್ಕೋ ತಿರುಗುತ್ತದೆ. ಹಾಗಾದರೆ ಏನೂ ನಡೆಯದ ಒಂದು ವಾರ, ಸೋಮವಾರದಿಂದ ಭಾನುವಾರದವರೆಗೆ ನಾಲ್ವರು ಗೆಳೆಯರು ಟೀ ಕುಡಿದು ಹರಟೆ ಹೊಡೆದು ಮನೆಗೆ ಹೋದ ವಾರ, ಧರ್ಮದ ಕಣ್ಣಿಗೆ ಬರಿದಾದ ವಾರವೇ? ಅಲ್ಲ ಎಂಬುದು ನನ್ನ ವಾದ. ಸ್ನೇಹವೂ ಒಂದು ಧರ್ಮವಾಗಿದ್ದರೆ ಅದು ಆಚರಣೆಗೆ ಬರುವುದು ಇಂಥ ವಾರಗಳಲ್ಲೇ. ಆಪತ್ತು ಒರೆಗೆ ಹಚ್ಚುವುದು ಬೇರೆ ಗುಣಗಳನ್ನು. ಇದನ್ನು ಪರೀಕ್ಷಿಸಲು ಹೊಸಪೇಟೆ ಸೀಮೆ ತಕ್ಕ ನೆಲ. ಕಷ್ಟಕ್ಕೆ ಒದಗಿದವರ ದೊಡ್ಡ ಕಥೆಗಳೆರಡು ಇಲ್ಲಿಯವೇ: ಒಂದು ಹಂಪಿಯದು, ಇನ್ನೊಂದು ಕಂಪ್ಲಿಯದು.

ಮೊದಲು ಆ ಸಾಮಾನ್ಯ ವಾರವನ್ನೇ ನೋಡೋಣ. ಈ ಕಡೆ ಗೆಳೆಯರ ವಾರವನ್ನು ನಿರ್ಧರಿಸುವುದು ದುಡಿಮೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವವನಿಗೆ ಈ ವಾರ ನೈಟ್ ಶಿಫ್ಟ್. ಕಂಪ್ಲಿ ಕಡೆ ಗದ್ದೆ ಇರುವವನಿಗೆ ಕಾಲುವೆಗೆ ನೀರು ಬಿಟ್ಟ ಕೂಡಲೇ ನಾಟಿ. ಹಂಪಿಯಲ್ಲಿ ಆಟೋ ಓಡಿಸುವವನಿಗೆ ಊರಿಗೆಲ್ಲ ರಜೆಯಿರುವ ಭಾನುವಾರವೇ ಸುಗ್ಗಿ. ಇಷ್ಟರ ನಡುವೆಯೂ ಸಂಜೆ ಇಬ್ಬರೋ ಮೂವರೋ ಟೀ ಅಂಗಡಿಯ ಬೆಂಚಿಗೆ ಬಂದೇ ಬರುತ್ತಾರೆ. ಒಗ್ಗರಣೆ ಒಂದು ಪ್ಲೇಟು, ನಾಲ್ಕು ಮಿರ್ಚಿ, ಬೈ-ಟೂ ಟೀ. ಜೇಬಿಗೆ ಕೈಹಾಕಿದವನ ಕೈಯನ್ನು ಇನ್ನೊಬ್ಬ ಹಿಡಿಯುತ್ತಾನೆ. ನಿನ್ನೆ ಯಾರು ಕೊಟ್ಟಿದ್ದೆಂದು ಇಬ್ಬರಿಗೂ ನೆನಪಿದೆ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಡ್ಯಾಮಿಗೆ ಎಷ್ಟು ನೀರು ಬಂತು, ಮಗಳ ಪಿಯುಸಿ ರಿಸಲ್ಟ್ ಏನಾಯಿತು, ಬೈಕಿನ ಕಂತು ಇನ್ನೆಷ್ಟು ಉಳಿದಿದೆ ಎಂದು ಮಾತು ಸಾಗುತ್ತದೆ. ಒಬ್ಬ ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಫೋನು ಹೋಗುತ್ತದೆ: ‘ಯಾಕಲೇ, ಎಲ್ಲಿ ಹೋಗಿ ಸತ್ತಿದ್ದಿ?’ ಲೆಕ್ಕವಿಡದೆ ಕೊಡುವುದು, ಬೇಸರಪಡದೆ ಕೇಳಿಸಿಕೊಳ್ಳುವುದು, ಬಾರದವನ ಜಾಗ ಖಾಲಿ ಇದೆಯೆಂದು ಗಮನಿಸುವುದು ಇವೆಲ್ಲ ಇಲ್ಲಿ ಅಭ್ಯಾಸವಾಗಿಬಿಟ್ಟಿವೆ. ಯಾವುದೇ ಮತ ಮನುಷ್ಯನಿಂದ ಬಯಸುವ ಗುಣಗಳು ಇವೇ. ಅಭ್ಯಾಸವಾದ ಮಾತ್ರಕ್ಕೆ ಅವು ಗುಣಗಳಲ್ಲದೆ ಹೋಗುವುದಿಲ್ಲ.

ಹಂಪಿಯ ಕಥೆಗೆ ಬರೋಣ. ಇಲ್ಲಿಯ ಬೆಟ್ಟಗಳನ್ನು ಪರಂಪರೆ ಕಿಷ್ಕಿಂಧೆಯೆಂದು ಗುರುತಿಸುತ್ತದೆ. ಋಷ್ಯಮೂಕದಲ್ಲಿ ರಾಮ, ಸುಗ್ರೀವರು ಅಗ್ನಿಯನ್ನು ಸಾಕ್ಷಿಯಾಗಿಟ್ಟುಕೊಂಡು ಗೆಳೆಯರಾದರು. ಇಬ್ಬರೂ ಹೆಂಡತಿಯನ್ನು ಕಳೆದುಕೊಂಡವರು, ಇಬ್ಬರೂ ರಾಜ್ಯದಿಂದ ಹೊರಬಿದ್ದವರು. ಒಬ್ಬ ವಾಲಿಯನ್ನು ಕೊಲ್ಲಬೇಕು, ಇನ್ನೊಬ್ಬ ಸೀತೆಯನ್ನು ಹುಡುಕಿಸಬೇಕು. ವಾಲಿ ಸತ್ತ, ಸುಗ್ರೀವನಿಗೆ ಪಟ್ಟವಾಯಿತು, ಮಳೆಗಾಲ ಹಿಡಿಯಿತು. ತಂದೆಗೆ ಕೊಟ್ಟ ಮಾತಿನಂತೆ ಊರೊಳಗೆ ಕಾಲಿಡದೆ ರಾಮ ಬೆಟ್ಟದಲ್ಲೇ ಉಳಿದ. ಕಮಲಾಪುರದ ಬಳಿಯ ಮಾಲ್ಯವಂತ ರಘುನಾಥ ದೇವಾಲಯ ಆ ಮಳೆಗಾಲದ ಕಾಯುವಿಕೆಯ ನೆನಪನ್ನು ಉಳಿಸಿಕೊಂಡಿದೆ. ಸುಗ್ರೀವ ಅಂತಃಪುರ ಸೇರಿದ. ಆಕಾಶ ತಿಳಿಯಾದರೂ ಅವನು ಹೊರಬರಲಿಲ್ಲ. ಲಕ್ಷ್ಮಣ ಸಿಟ್ಟಿನಿಂದ ಬಾಗಿಲಿಗೆ ಬರಬೇಕಾಯಿತು. ಅಗ್ನಿಸಾಕ್ಷಿ ಸುಳ್ಳಾಗಿರಲಿಲ್ಲ, ಸುಗ್ರೀವ ದ್ರೋಹಿಯೂ ಆಗಿರಲಿಲ್ಲ. ಕಷ್ಟ ತೀರಿತ್ತು, ಒಡನಾಟ ಇರಲಿಲ್ಲ; ನಾಲ್ಕು ತಿಂಗಳಲ್ಲಿ ನೆನಪು ಸಡಿಲವಾಯಿತು. ವಾಲ್ಮೀಕಿ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಲಕ್ಷ್ಮಣ ಬರುವ ಮೊದಲೇ ಸುಗ್ರೀವನಿಗೆ ಕೊಟ್ಟ ಮಾತನ್ನು ನೆನಪಿಸಿ, ಸೇನೆ ಕೂಡಿಸುವ ಅಪ್ಪಣೆ ಹೊರಡುವಂತೆ ಮಾಡಿದವನು ಹನುಮಂತ. ಅವನು ಮಂತ್ರಿ ನಿಜ. ಜೊತೆಗೆ, ಸುಗ್ರೀವ ವಾಲಿಗೆ ಹೆದರಿ ಬೆಟ್ಟದಲ್ಲಿ ಅಡಗಿದ್ದ ಕಾಲವೆಲ್ಲ ಹಗಲು ರಾತ್ರಿ ಅವನೊಂದಿಗೆ ಇದ್ದವನು. ಅರಸನಾದವನ ಮುಂದೆ ಅಪ್ರಿಯ ಸತ್ಯ ಹೇಳುವ ಸಲಿಗೆ ಬಂದದ್ದು ಆ ದಿನಗಳಿಂದ. ಆಪತ್ತಿನಲ್ಲಿ ಕುದುರಿದ ಸ್ನೇಹವನ್ನು ಉಳಿಸಿಕೊಟ್ಟದ್ದು ದಿನನಿತ್ಯದ ಒಡನಾಟ ಎಂದು ಈ ಕಥೆಯನ್ನು ನಾನು ಓದುತ್ತೇನೆ.

ಕಂಪ್ಲಿಯ ಕಥೆ ಇದಕ್ಕಿಂತ ಕಠಿಣವಾದದ್ದು, ನನ್ನ ವಾದಕ್ಕೆ ಬಲವಾದ ಆಕ್ಷೇಪವೂ ಅಲ್ಲಿಂದಲೇ ಬರುತ್ತದೆ. ಮಹಮ್ಮದ್ ಬಿನ್ ತುಘಲಕನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಬಂಡೆದ್ದು ಸೋತು, ಕಂಪಿಲರಾಯನಲ್ಲಿ ಆಶ್ರಯ ಬೇಡಿದ. ಒಪ್ಪಿಸಿಬಿಟ್ಟಿದ್ದರೆ ರಾಜ್ಯ ಉಳಿಯುತ್ತಿತ್ತೇನೋ. ರಾಯ ಒಪ್ಪಿಸಲಿಲ್ಲ. ಆಶ್ರಿತನನ್ನು ಹೊಯ್ಸಳ ಮೂರನೆಯ ಬಲ್ಲಾಳನ ಬಳಿಗೆ ಸಾಗಹಾಕಿ ತಾನು ಕಾದಾಡಿ ಮಡಿದ. 1327ರ ಹೊತ್ತಿಗೆ ಕಂಪಿಲ ರಾಜ್ಯ ಅಳಿಯಿತು. ಬಲ್ಲಾಳ ಗುರ್ಶಾಸ್ಪನನ್ನು ಸುಲ್ತಾನನಿಗೆ ಒಪ್ಪಿಸಿದ. ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತನೂ ಇದನ್ನು ಬರೆದಿಟ್ಟಿದ್ದಾನೆ. ರಾಯನ ಮಗ ಗಂಡುಗಲಿ ಕುಮಾರರಾಮ ಇಂದಿಗೂ ಜನಪದದಲ್ಲಿ ಬದುಕಿದ್ದಾನೆ. ಇಂಥ ತ್ಯಾಗದ ಮುಂದೆ ಬೈ-ಟೂ ಟೀಯ ಮಾತು ತೂಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಕಂಪಿಲರಾಯ ಮೆರೆದದ್ದು ಶರಣಾಗತ ರಕ್ಷಣೆ. ಮರೆಹೊಕ್ಕವನು ಹಳೆಯ ಗೆಳೆಯನಾಗಲಿ, ಹೆಸರೂ ತಿಳಿಯದ ಪರದೇಶಿಯಾಗಲಿ, ಆ ಧರ್ಮ ಇಬ್ಬರಿಗೂ ಒಂದೇ; ಅದರ ದೊಡ್ಡತನವೂ ಅದೇ. ಆಪತ್ತು ಅಳೆದದ್ದು ರಾಯನ ಧೈರ್ಯವನ್ನು, ಮಾತಿನ ನಿಷ್ಠೆಯನ್ನು. ಗೆಳೆತನವಿಲ್ಲದೆಯೂ ತೋರಬಹುದಾದ ಗುಣಗಳಿಂದ ಗೆಳೆತನವನ್ನು ಅಳೆಯಲಾಗದು. ಅದರ ಅಳತೆಗೆ ಬೇರೆ ಕೋಲು ಬೇಕು. ತುಂಗಭದ್ರೆಯ ಪ್ರವಾಹ ಊರ ಬಾಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಾಳೆಗೆ, ಭತ್ತಕ್ಕೆ ನೀರುಣಿಸುತ್ತ ಬಂದದ್ದು ಮಾತ್ರ ವಿಜಯನಗರದ ಕಾಲದ ರಾಯ, ಬಸವ ಕಾಲುವೆಗಳು.

ಧರ್ಮಗ್ರಂಥಗಳು ಈ ಕೋಲನ್ನು ಅರಿಯದೆ ಇಲ್ಲ. ಗೀತೆಯ 11ನೆಯ ಅಧ್ಯಾಯದಲ್ಲಿ ವಿಶ್ವರೂಪ ಕಂಡು ನಡುಗಿದ ಅರ್ಜುನ ಕೃಷ್ಣನಲ್ಲಿ ಕ್ಷಮೆ ಬೇಡುತ್ತಾನೆ. ಯಾವುದಕ್ಕೆ? ಆಡುವಾಗ, ಮಲಗಿದಾಗ, ಕೂತಾಗ, ಉಣ್ಣುವಾಗ ನಿನ್ನ ಮಹಿಮೆ ತಿಳಿಯದೆ ಗೆಳೆಯನೆಂದು ಸಲಿಗೆಯಿಂದ ಕರೆದೆ, ತಮಾಷೆ ಮಾಡಿದೆ ಎಂಬುದಕ್ಕೆ. ಹೊಸಪೇಟೆಯ ಬೆಂಚಿನಿಂದ ಹೊರಡುವ ‘ಯಾಕಲೇ’ ಇದೇ ಜಾತಿಯ ಮಾತು. ಸಲಿಗೆ ಅಪರಾಧವೆಂದೇ ಅಲ್ಲವೇ ಅವನು ಕ್ಷಮೆ ಕೇಳಿದ್ದು ಎನ್ನಬಹುದು. ಆದರೆ ಅದೇ ಅರ್ಜುನ ಮರುಗಳಿಗೆಯಲ್ಲಿ ಹಿಂದಿನ ರೂಪವನ್ನೇ ತೋರು ಎಂದು ಬೇಡುತ್ತಾನೆ. ಕೃಷ್ಣ ಬೈಯದೆ, ಶಿಕ್ಷಿಸದೆ ಸೌಮ್ಯರೂಪಕ್ಕೆ ಮರಳುತ್ತಾನೆ. ದೇವರಿಗೂ ಆ ಸಲಿಗೆ ಹೊರೆಯಾಗಿರಲಿಲ್ಲ. ಭಾಗವತ ಒಂಬತ್ತು ಬಗೆಯ ಭಕ್ತಿಯಲ್ಲಿ ಸಖ್ಯವನ್ನು ಎಂಟನೆಯದಾಗಿ, ಆತ್ಮನಿವೇದನೆಗೆ ಒಂದೇ ಮೆಟ್ಟಿಲು ಕೆಳಗೆ ಇಟ್ಟಿದೆ. ಒಳ್ಳೆಯ ಗೆಳೆತನ ಧರ್ಮಜೀವನದ ಅರ್ಧ ಎಂದ ಆನಂದನನ್ನು ಬುದ್ಧ ತಿದ್ದಿ, ಅರ್ಧವಲ್ಲ, ಅದೇ ಪೂರ್ತಿ ಎಂದ. ಉಪ್ಪನ್ನು ಜೊತೆಯಾಗಿ ಉಂಡು ತೀರಿಸದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗ್ರೀಕರ ಗಾದೆಯನ್ನು ಅರಿಸ್ಟಾಟಲ್ ನೆನಪಿಸುತ್ತಾನೆ. ಉಪ್ಪಿನ ಋಣ ಬಲ್ಲ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಊರಿನ ಸ್ನೇಹಗಳು ಜಾತಿಯ ಗೆರೆಯೊಳಗೇ ಸುತ್ತುತ್ತವೆ, ಅವನ್ನು ಹೊಗಳುವುದು ಆ ಗೆರೆಯನ್ನೇ ಹೊಗಳಿದಂತೆ ಎಂಬುದು ಅದು. ಮೊಹರಂನಲ್ಲಿ ಪೀರಲ ದೇವರಿಗೆ ಹಿಂದೂಗಳು ಹರಕೆ ಹೊರುವ, ದಸರೆಯ ಬನ್ನಿ ಕೈಯಿಂದ ಕೈಗೆ ಹೋಗುವ ಸೀಮೆಯಿದು ಎಂದು ಉತ್ತರಿಸಿ ಸುಮ್ಮನಾಗುವುದು ಸುಲಭ. ಆದರೆ ಒಂದೇ ಪ್ಲೇಟಿನ ಮಿರ್ಚಿ ತಿಂದವರು ಒಬ್ಬರ ಮನೆಯ ಪಡಸಾಲೆಯನ್ನು ಇನ್ನೊಬ್ಬರು ದಾಟದೆ ವರ್ಷಗಳನ್ನು ಕಳೆದಿರುವುದೂ ಉಂಟು. ಇಲ್ಲಿಯೂ ಆಪತ್ತಿನ ಒರೆಗಲ್ಲು ಕೈಕೊಡುತ್ತದೆ. ಆಸ್ಪತ್ರೆಯಲ್ಲಿ ರಕ್ತ ಬೇಕಾದಾಗ ಯಾರೂ ಜಾತಿ ಕೇಳುವುದಿಲ್ಲ. ಹಾಗೆ ಕೇಳದಿದ್ದುದನ್ನೇ ದೊಡ್ಡದಾಗಿ ಹೇಳಿಕೊಂಡು ನಾವು ಉದಾರಿಗಳೆಂದು ನಂಬಿಬಿಡುತ್ತೇವೆ. ಯಾವ ಹಬ್ಬವೂ ಇಲ್ಲದ ಗುರುವಾರ ಮಧ್ಯಾಹ್ನ ಊಟಕ್ಕೆ ಯಾರನ್ನು ಕರೆಯುತ್ತೇವೆ, ಕರೆದವನ ತಟ್ಟೆ ಎಲ್ಲಿ ಇಡುತ್ತೇವೆ ಎಂಬುದು ನಿಜವನ್ನು ಹೇಳುತ್ತದೆ. 12ನೆಯ ಶತಮಾನದ ಶರಣರಿಗೆ ಇದು ತಿಳಿದಿತ್ತು. ಸಮಾನತೆಯನ್ನು ಅವರು ಕೂಡಿ ಕೂರುವುದಕ್ಕೆ, ಕೂಡಿ ಉಣ್ಣುವುದಕ್ಕೆ ಕಟ್ಟಿಹಾಕಿದರು. ದಿನನಿತ್ಯವನ್ನು ಅಳತೆಗೋಲಾಗಿಸಿದರೆ ಜಾತಿ ಮರೆಯಾಗುವುದಿಲ್ಲ, ಬಯಲಿಗೆ ಬರುತ್ತದೆ. ಬಯಲಿಗೆ ಬಂದರೆ ತಾನೇ ತಿದ್ದಿಕೊಳ್ಳುವ ದಾರಿ?

ಬೆಂಚಿನ ಬಿಡುವು ಗಂಡಸರದು ಎಂಬ ಮಾತೂ ನಿಜ. ಟೀ ಅಂಗಡಿಯಲ್ಲಿ ಸಂಜೆ ಕಳೆಯುವ ಹಕ್ಕು ಹೆಂಗಸರಿಗೆ ಸಿಕ್ಕಿಲ್ಲ. ಅವರ ಗೆಳೆತನ ಕೆಲಸದ ಸಂದಿಯಲ್ಲೇ ಬೆಳೆಯಬೇಕು. ಸಂಡೂರಿನ ಲಂಬಾಣಿ ಕಸೂತಿ ಇಂದು ಭೌಗೋಳಿಕ ಗುರುತು ಪಡೆದ ಕಲೆ. ಹೆಂಗಸರು ಒಟ್ಟಿಗೆ ಕೂತು ಬಟ್ಟೆಗೆ ಕನ್ನಡಿ, ಕವಡೆ ಹೊಲಿಯುವಾಗ ಕಣ್ಣು ಸೂಜಿಯ ಮೇಲಿರುತ್ತದೆ, ಮಾತು ಸೊಸೆಯ ಬಾಣಂತನದಿಂದ ಸಂಘದ ಸಾಲದವರೆಗೆ ಓಡುತ್ತದೆ. ಒಬ್ಬಳ ದನಿ ತಗ್ಗಿದ್ದು ಪಕ್ಕದವಳಿಗೆ ತಿಳಿಯುತ್ತದೆ. ದುಡಿಮೆ ನಿಲ್ಲದೆ ಸ್ನೇಹ ನಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಹರಟೆ ಕಾಲಹರಣ ಎನ್ನುವವರಿಗೆ ಉತ್ತರವೂ ಹೌದು. ಆದರೆ ಬಿಡುವಿನ ಹಂಚಿಕೆಯಲ್ಲಿರುವ ಅನ್ಯಾಯ ಇದರಿಂದ ಮಾಫಿಯಾಗುವುದಿಲ್ಲ. ಸ್ನೇಹ ಧರ್ಮವೆಂದಾದರೆ ಅದಕ್ಕೆ ಬೇಕಾದ ಹೊತ್ತನ್ನು ಮನೆಯ ಹೆಂಗಸರಿಗೆ ಬಿಟ್ಟುಕೊಡುವುದೂ ಧರ್ಮವೇ.

ಇಷ್ಟನ್ನು ಒಪ್ಪಿದರೆ ನಮ್ಮ ಮೇಲೆ ಕೆಲವು ಹೊಣೆಗಳು ಬೀಳುತ್ತವೆ. ‘ಈಗ ಟೈಮಿಲ್ಲ, ಏನಾದರೂ ಬೇಕಾದರೆ ಅರ್ಧ ರಾತ್ರಿಯಲ್ಲೂ ಫೋನು ಮಾಡು’ ಎನ್ನುವವನು ಉದಾರಿ ಎಂದುಕೊಂಡಿದ್ದೇವೆ. ಅವನು ಇಂದಿನ ಬಾಕಿಯನ್ನು ಮುಂದಕ್ಕೆ ಹಾಕುತ್ತಿದ್ದಾನೆ. ಕಷ್ಟವೆಂದರೆ ಫೋನು ಮಾಡುವ ಸಲಿಗೆಯೇ ದಿನನಿತ್ಯದ ಗಳಿಕೆ. ವಾರಗಟ್ಟಲೆ ಮಾತಾಡದವನಿಗೆ ಅರ್ಧ ರಾತ್ರಿಯಲ್ಲಿ ಫೋನು ಮಾಡಲು ಯಾರಿಗೂ ಮನಸ್ಸು ಬಾರದು. ಮಠದಲ್ಲಿ, ಮಸೀದಿಯಲ್ಲಿ, ದೇವಸ್ಥಾನದಲ್ಲಿ ಉಪದೇಶ ಮಾಡುವವರು ದಾನ, ವ್ರತ, ತ್ಯಾಗಗಳ ಜೊತೆಗೆ ಇದನ್ನೂ ಸೇರಿಸಿ ಹೇಳಲಿ: ಈ ವಾರ ಯಾರ ಮಾತನ್ನು ಪೂರ್ತಿ ಕೇಳಿಸಿಕೊಂಡಿರಿ, ಯಾರಿಗೆ ಹಿತವಲ್ಲದ ನಿಜ ಹೇಳಿದಿರಿ, ಯಾರ ಮನೆಯಲ್ಲಿ ಕೂತು ಉಂಡಿರಿ? ಈ ಮೂರಕ್ಕೂ ಉತ್ತರವಿರುವವನಿಗೆ ಆಪತ್ತು ಬಂದಾಗ ಒದಗುವುದು ಹೊಸ ವ್ರತವಾಗುವುದಿಲ್ಲ. ದಿನವೂ ನಡೆದ ದಾರಿಯಲ್ಲೇ ಅವನು ಇನ್ನೊಂದು ಹೆಜ್ಜೆ ಇಡುತ್ತಾನೆ. ಉತ್ತರವಿಲ್ಲದವನು ಎಷ್ಟೇ ದೊಡ್ಡ ತ್ಯಾಗ ಮಾಡಲಿ, ಅವನು ವೀರನಾದಾನು, ದಾನಿಯಾದಾನು. ಗೆಳೆಯನಾಗುವುದು ಇನ್ನೂ ಬಾಕಿ ಇರುತ್ತದೆ.