ಎದುರುಬದುರು

ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಗಂಡನೊಬ್ಬ, ತನ್ನ ಹೆಂಡತಿ ಊಟ ಮಾಡುವುದನ್ನು ತಾನು ಸರಿಯಾಗಿ ನೋಡಿಯೇ ಇಲ್ಲವೆಂದರೆ ನೀವು ನಂಬಲಾರಿರಿ. ಕಳೆದ ತಿಂಗಳವರೆಗೆ ನಾನೂ ನಂಬುತ್ತಿರಲಿಲ್ಲ.

ನಮ್ಮ ಮದುವೆಯ ದಿನದ ನೆನಪಿಗೆಂದು ಮಗಳು ಇಂದಿರಾನಗರದ ಒಂದು ಹೋಟೆಲಿನಲ್ಲಿ ಮೇಜು ಕಾದಿರಿಸಿದ್ದಳು. "ಅಪ್ಪ, ಇದಕ್ಕೆ ಡೇಟ್ ನೈಟ್ ಅಂತಾರೆ. ನೀವಿಬ್ಬರೇ ಹೋಗಬೇಕು. ನಿಮ್ಮ ಕಾಲೇಜಿನ ಮಾತು, ನನ್ನ ಮಾರ್ಕಿನ ಮಾತು ಎರಡೂ ಕೂಡದು" ಎಂದು ಶಾಸನ ಹೊರಡಿಸಿದಳು. ಪಂಚಾಂಗದಲ್ಲಿಲ್ಲದ ಈ ಹಬ್ಬವನ್ನು ಆಚರಿಸಲು ಬಸವನಗುಡಿಯಿಂದ ಹೊರಟು, ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ, ಅಲ್ಲಿಗೆ ತಲುಪಿದೆವು.

ಗಾರೆ ಮಾಡದ ಗೋಡೆ, ತಂತಿಗೆ ನೇತುಬಿಟ್ಟ ಬಲ್ಬು; ಮನೆ ಕಟ್ಟಿಸುವವರು ದುಡ್ಡು ಮುಗಿದು ಅರ್ಧಕ್ಕೆ ಕೈಬಿಟ್ಟಂತಿತ್ತು. ತಿಂಡಿಯ ಪಟ್ಟಿ ಬೇಕೆಂದರೆ ಮೇಜಿನ ಮೇಲಿದ್ದ ಕಪ್ಪು ಬಿಳುಪು ಚೌಕಕ್ಕೆ ಫೋನನ್ನು ತೋರಿಸಬೇಕು. ರಾಗಿ ರೊಟ್ಟಿಯ ಚೂರುಗಳ ಮೇಲೆ ಬೆಣ್ಣೆಹಣ್ಣು ಸವರಿದ್ದಕ್ಕೆ 495 ರೂಪಾಯಿ. ಇದನ್ನು ಹಾಸ್ಯ ಮಾಡುವುದು ಸುಲಭ. ನಾನೂ ಮನಸ್ಸಿನಲ್ಲೇ ಮಾಡುತ್ತ ಕೂತಿದ್ದೆ. ಆಗ ತಲೆಯೆತ್ತಿ ನೋಡಿದೆ.

ಅವಳು ಉಣ್ಣುತ್ತಿದ್ದಳು. ಹುಳಿ ನಾಲಗೆಗೆ ತಾಕಿದಾಗ ಅವಳ ಎಡಗಣ್ಣು ಕಿರಿದಾಗುತ್ತದೆ. ಇಷ್ಟವಾದುದನ್ನು ತಟ್ಟೆಯ ಅಂಚಿಗೆ ಸರಿಸಿ ಕೊನೆಗೆ ಉಳಿಸಿಕೊಳ್ಳುತ್ತಾಳೆ, ಶಾಲೆಯ ಹುಡುಗಿಯಂತೆ. ಇವೆಲ್ಲ ನನಗೆ ಹೊಸ ಸಂಗತಿಗಳು.

"ಯಾಕ್ರೀ ಹಾಗೆ ನೋಡ್ತೀರಿ? ಮುಖಕ್ಕೇನಾದರೂ ಮೆತ್ತಿದೆಯೇ?"

ಏನೆಂದು ಹೇಳಲಿ? ಮನೆಯಲ್ಲಿ ನನ್ನ ಎದುರಿಗಿರುವುದು ಪತ್ರಿಕೆ. ಅವಳ ಎದುರಿಗಿರುವುದು ಕಾವಲಿ. ನನ್ನ ಊಟ ಮುಗಿದು ಕೈ ತೊಳೆಯುವ ಹೊತ್ತಿಗೆ ಅವಳು ಅಡುಗೆಮನೆಯಲ್ಲೇ ಎರಡು ತುತ್ತು ಮುಗಿಸಿರುತ್ತಾಳೆ. ಹೀಗಾಗಬೇಕೆಂದು ನಾನು ಎಂದೂ ಹೇಳಿದವನಲ್ಲ. ಹಾಗಾಗಬಾರದೆಂದೂ ಹೇಳಿದವನಲ್ಲ. ಹೆಂಡತಿಯೊಡನೆ ಉಣ್ಣಬಾರದು, ಅವಳು ಉಣ್ಣುವಾಗ ನೋಡಲೂ ಬಾರದು ಎಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿದೆ. ಅದನ್ನು ತರಗತಿಯಲ್ಲಿ ಖಂಡಿಸಿ, ವಚನಕಾರ್ತಿಯರನ್ನು ಹೊಗಳಿ, ಗಂಟೆ ಹೊಡೆದ ಮೇಲೆ ಮನೆಗೆ ಬಂದು ಒಬ್ಬನೇ ಉಣ್ಣುತ್ತ ಬಂದಿದ್ದೇನೆ. ಮನುವನ್ನು ನಾವು ಬಿಟ್ಟೆವು. ಕಾವಲಿ ನಮ್ಮನ್ನು ಬಿಡಲಿಲ್ಲ. ವಿಚಿತ್ರವೆಂದರೆ, ಮದುವೆಯ ಭೂಮದ ಊಟದಲ್ಲಿ ನಮ್ಮಿಬ್ಬರನ್ನೂ ಜೊತೆಯಲ್ಲಿ ಕೂರಿಸಿ, ಊರೆಲ್ಲ ನೋಡುತ್ತಿರಲು ಒಬ್ಬರಿಗೊಬ್ಬರು ತಿನ್ನಿಸುವಂತೆ ಮಾಡಿದ್ದರು. ಆ ಒಂದು ಹೊತ್ತಿಗೆ ಶಾಸ್ತ್ರ ಮುಗಿಯಿತೆಂದು ನಾವು ಯಾಕೆ ತಿಳಿದೆವೋ!

ನನ್ನ ಅಮ್ಮನ ನೆನಪಾಯಿತು. ನಾನು ಚಿಕ್ಕವನಿದ್ದಾಗ ಅಪ್ಪ ವರ್ಷಕ್ಕೊಮ್ಮೆ ನಮ್ಮನ್ನು ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಆಗಿನ ಹೋಟೆಲುಗಳಲ್ಲಿ ಫ್ಯಾಮಿಲಿ ರೂಮು ಎಂದಿರುತ್ತಿತ್ತು: ಮರದ ಹಲಗೆಯ ಮರೆ, ಎಣ್ಣೆಗಟ್ಟಿದ ಪರದೆ. ಆ ಮರೆಯಲ್ಲೂ ಅಮ್ಮ ಗೋಡೆಯ ಕಡೆಗೆ ತಿರುಗಿ ಮಸಾಲೆದೋಸೆ ತಿನ್ನುತ್ತಿದ್ದಳು. ಅವಳಿಗೆ ಅದು ಎಷ್ಟು ರುಚಿಸುತ್ತಿತ್ತೆಂದು ಅಪ್ಪನಿಗೆ ಗೊತ್ತಿತ್ತೇ? ಕೇಳಲು ಈಗ ಇಬ್ಬರೂ ಇಲ್ಲ.

ಬಡಿಸುತ್ತಿದ್ದ ಹುಡುಗ ಅಸ್ಸಾಮಿನವನು. ನಮ್ಮಾಕೆ ಅಭ್ಯಾಸಬಲದಿಂದ "ಊಟ ಆಯ್ತೇನಪ್ಪ?" ಎಂದಳು. ಕಲಿತ ಕನ್ನಡದಲ್ಲಿ ಅವನು "ಇಲ್ಲ ಅಮ್ಮಾ, ಹನ್ನೆರಡಕ್ಕೆ" ಎಂದು ನಕ್ಕು ಹೋದ. ಆಗ ಒಂಬತ್ತು ಗಂಟೆ. ನಾವಿಬ್ಬರು ಎದುರುಬದುರು ಕೂರುವುದಕ್ಕೆ ಮೂರನೆಯವನೊಬ್ಬ ಹಸಿದು ನಿಲ್ಲಬೇಕಾಯಿತು. ಮನೆಯಲ್ಲಿ ಅವಳು ನಿಲ್ಲುತ್ತಿದ್ದಳು, ಇಲ್ಲಿ ಇವನು.

"ಪಾಪ" ಎಂದಳು.

"ಅವನಿಗೆ ಸಂಬಳ ಬರುತ್ತದಲ್ಲ" ಎಂದೆ.

"ಹೌದಲ್ಲ, ಅದು ಬೇರೆ ಬರುತ್ತೆ ಅವನಿಗೆ" ಎಂದು ನಕ್ಕಳು. ಮುಂದೆ ಮಾತಾಡಲು ನನಗೆ ಎಡೆಯಿರಲಿಲ್ಲ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಬೆಲೆ ಕಟ್ಟಬಾರದೆಂದು ಹೇಳುವವರು ಸಾಮಾನ್ಯವಾಗಿ ಕೂತು ಉಣ್ಣುವವರೇ. ನಾನೂ ಅದನ್ನು ಒಂದೆರಡು ಭಾಷಣಗಳಲ್ಲಿ ಹೇಳಿದ್ದೇನೆ. ಸಂಬಳದಿಂದ ಎಲ್ಲ ಸರಿಹೋಗುತ್ತದೆಂದೂ ಅಲ್ಲ. ಅವನಿಗೂ ಊರಿನಲ್ಲಿ ಎದುರು ಕೂರಬೇಕಾದ ತಾಯಿಯೋ ತಂಗಿಯೋ ಇರಬಹುದು.

ಬಿಲ್ಲು ಬಂತು: ಐದು ಶೇಕಡಾ ತೆರಿಗೆ ಸೇರಿ 2,640 ರೂಪಾಯಿ. ಸೇವಾಶುಲ್ಕವನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. 2025ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಹುಡುಗನಿಗೆ ಏನು ಕೊಡಬೇಕೆಂಬುದು ನಮ್ಮ ಮನಸ್ಸಿಗೆ ಬಿಟ್ಟ ವಿಷಯ. ನನ್ನ ಮನಸ್ಸು ಲೆಕ್ಕ ಹಾಕಿ ಇನ್ನೂರು ಇಟ್ಟಿತು. ಅವಳು ತನ್ನ ಪರ್ಸಿನಿಂದ ಇನ್ನೊಂದು ನೂರು ತೆಗೆದು, ನನ್ನ ಕಡೆ ನೋಡದೆ, ಅದರ ಕೆಳಗೆ ಸೇರಿಸಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಅವಳನ್ನು ಕೂರಿಸಿ ಕಾವಲಿಯ ಮುಂದೆ ನಾನೇ ನಿಂತೆ. ಮೊದಲ ದೋಸೆ ಹರಿಯಿತು, ಎರಡನೆಯದು ಕರಕಾಯಿತು, ಮೂರನೆಯದು ದೋಸೆಯನ್ನು ಹೋಲಿತು. ಬಿಸಿ ದೋಸೆಗೊಂದು ದುರ್ಗುಣವಿದೆ: ಯಾರಾದರೊಬ್ಬರು ನಿಂತಿರಲೇಬೇಕು. ನಾನು ಒಳಗೆ, ಅವಳು ಹೊರಗೆ ಒಬ್ಬಳೇ ತಿನ್ನುತ್ತ. ಕಂಡದ್ದು ಅವಳ ಬೆನ್ನು ಮಾತ್ರ.

"ಉಪ್ಪಿಟ್ಟು ಮಾಡಿದರೆ ಮೂವರೂ ಒಟ್ಟಿಗೆ ಕೂರಬಹುದಲ್ಲ, ಅಪ್ಪ" ಎಂದಳು ಮಗಳು.

ಉಪ್ಪಿಟ್ಟೆಂದರೆ ನನಗೆ ಸೇರದು. ಇದು ನಮ್ಮ ಬಂಧುಬಳಗಕ್ಕೆಲ್ಲ ತಿಳಿದ ವಿಷಯ. ಆಗಿನಿಂದ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು.