ಕ್ರೇದೋ ಅಂದರೆ ಉದ್ರಿ

ತಿಂಗಳ ಕೊನೆಗೆ ಮೊಬೈಲಿಗೆ ‘ಕ್ರೆಡಿಟೆಡ್’ ಎಂಬ ಮೆಸೇಜು ಬಿದ್ದರೆ ನಮಗೆಲ್ಲ ಅರ್ಧ ನೆಮ್ಮದಿ. ಆ ಪದದ ಮೂಲ ಲ್ಯಾಟಿನ್ನಿನ ಒಂದು ಕ್ರಿಯಾಪದ. ಕ್ರೇದೋ, ನಾನು ನಂಬುತ್ತೇನೆ. ಕ್ರೇದಿಸ್, ನೀನು ನಂಬುತ್ತೀಯ. ಕ್ರೇದಿತ್, ಅವನು ಅಥವಾ ಅವಳು. ನಮ್ಮ ಹಾಗೆ ಅಲ್ಲಿ ಗಂಡಿಗೊಂದು ಹೆಣ್ಣಿಗೊಂದು ಪ್ರತ್ಯಯ ಇಲ್ಲ. ಕ್ರೇದಿಮುಸ್, ನಾವು ನಂಬುತ್ತೇವೆ.

ಬೇರು ಹುಡುಕುತ್ತಾ ಹೋದರೆ ಸಂಸ್ಕೃತದ ‘ಶ್ರದ್ಧಾ’ ಸಿಗುತ್ತದೆ. ಎರಡೂ ಒಂದೇ ಹಳೆಯ ಜೋಡುಪದದಿಂದ ಬಂದವು. ಅದರ ಎರಡನೆಯ ಭಾಗಕ್ಕೆ ‘ಇಡು’ ಎಂದರ್ಥ. ಮೊದಲನೆಯದು ‘ಹೃದಯ’ ಅನ್ನುವುದು ಬಹುಕಾಲದಿಂದ ನಡೆದುಬಂದ ವಿವರಣೆ. ಎದೆಯನ್ನು ಒಯ್ದು ಇನ್ನೊಬ್ಬರ ಹತ್ತಿರ ಇಡುವುದು. ವ್ಯಾಕರಣವೂ ಹಾಗೇ ಇದೆ. ನಾವು ‘ನಿನ್ನನ್ನು’ ನಂಬುತ್ತೇವೆ, ಲ್ಯಾಟಿನ್ನಿನವರು ‘ನಿನಗೆ’ ನಂಬುತ್ತಾರೆ. ಕೊಡುವಾಗ ಹಚ್ಚುವ ಚತುರ್ಥಿ ವಿಭಕ್ತಿ. ಹಣ ಸಾಲ ಕೊಡುವುದಕ್ಕೂ ಇದೇ ಕ್ರಿಯಾಪದ. ನಂಬಿದೆ ಅನ್ನಬೇಕಾದರೆ ಕೈಯಿಂದ ಏನಾದರೂ ಹೋಗಿರಬೇಕು.

ಅಥಣಿ ಕಡೆಯ ನಮ್ಮ ಐಗಳಿಯಲ್ಲಿ ಇದಕ್ಕೆ ಉದ್ರಿ ಅಂತಾರೆ.

ಎರಡು ವರ್ಷದ ಹಿಂದೆ ನಮ್ಮ ಕಾಕಾ ಒಬ್ಬ ವ್ಯಾಪಾರಿಗೆ ಒಣದ್ರಾಕ್ಷಿ ಉದ್ರಿ ಕೊಟ್ಟ. ಅರ್ಧ ರೊಕ್ಕ ಇನ್ನೂ ಬಂದಿಲ್ಲ. ಈ ಸಲ ಯುಗಾದಿಗೆ ಊರಿಗೆ ಹೋದರೆ ಅದೇ ಮನುಷ್ಯನಿಗೆ ಮತ್ತೆ ಮಾಲು ತೂಗುತ್ತಿದ್ದಾನೆ!

“ಕಾಕಾ, ಅಡ್ವಾನ್ಸ್ ಇಲ್ಲದ ಕೊಡಬ್ಯಾಡ” ಅಂದೆ, ಸಿಟ್ಟಿನಲ್ಲೇ.

“ನಿನ್ನ ಇಂಜಿನಿಯರಿಂಗ್ ಫೀ ತುಂಬಿದ್ದು ಯಾವ ಅಡ್ವಾನ್ಸ್ ಮ್ಯಾಲಪಾ? ಗೊಬ್ಬರದ ಅಂಗಡ್ಯಾವ್ರು ಒಂದ ಮಾತಿಗೆ ಕೊಟ್ರು. ಒಂದ ಚೀಟಿ ಸೈತ ಬರಸ್ಕೊಳ್ಳಲಿಲ್ಲ.”

ನನ್ನ ಬಾಯಿ ಮುಚ್ಚಿತು. ಆ ರೊಕ್ಕ ತೀರಿಸಲು ಮೂರು ಸುಗ್ಗಿ ಹಿಡಿದವು. ಅಷ್ಟೂ ದಿನ ಅಂಗಡಿಯವರ ಲೆಕ್ಕದಲ್ಲಿ ನಮ್ಮ ಕಾಕಾನೂ ಕೊಟ್ಟ ಮಾತಿಗೆ ತಪ್ಪಿದವನೇ. ಬೆಂಗಳೂರಿನಲ್ಲಿ ನಮ್ಮ ಕ್ರೆಡಿಟ್ ಸ್ಕೋರು ಇಂಥವರನ್ನು ಮೊದಲೇ ಸೋಸಿ ತೆಗೆಯುತ್ತದೆ. ಹೆಸರೇನೋ ಕ್ರೇದೋನಿಂದ ಬಂದದ್ದು, ಆದರೆ ಖಾತ್ರಿ ಸಿಕ್ಕ ಮೇಲೆ ನಂಬುವುದಕ್ಕೆ ಉಳಿದದ್ದಾದರೂ ಏನು? ಇಷ್ಟರ ಮಟ್ಟಿಗೆ ಕಾಕಾನ ಮಾತು ಒಪ್ಪುತ್ತೇನೆ.

ಮುಂದೆ ಸಿಕ್ಕಿಕೊಂಡಿದ್ದೇನೆ. ಆ ದ್ರಾಕ್ಷಿಯನ್ನು ಅದ್ದಿ, ಶೆಡ್ಡಿನ ಜಾಳಿಗೆ ಮೇಲೆ ಹರವಿ, ಎರಡು ವಾರ ಮಳೆಗೆ ಹೆದರುತ್ತಾ ಕಾದು, ಕಡ್ಡಿ ಬಿಡಿಸಿ ಆರಿಸಿದವಳು ಕಾಕಿ. ಬಾರದೇ ಉಳಿದ ಅರ್ಧ ರೊಕ್ಕದಲ್ಲಿ ಅವಳ ದುಡಿತವೂ ಇದೆ. ಕಾಕಾ ಅಂದದ್ದು ‘ಕ್ರೇದೋ’, ಒಬ್ಬನೇ. ‘ಕ್ರೇದಿಮುಸ್’ ಅನ್ನಬೇಕಾದರೆ ಅವಳೂ ಒಪ್ಪಬೇಕಿತ್ತಲ್ಲ? ನನ್ನ ನಂಬಿಕೆಯನ್ನು ಇನ್ನೊಬ್ಬರ ಬೆವರಿನ ಮೇಲೆ ಇಟ್ಟರೆ ಅದಕ್ಕೆ ಔದಾರ್ಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ರಾತ್ರಿ ಕಾಕಿಯನ್ನೇ ಕೇಳಿದೆ. “ನೀ ಏನಂತಿ ಕಾಕಿ? ಅಂವಗ ಮತ್ತ ಕೊಡಬೇಕಿತ್ತೇನ?”

ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. “ನಾನೂ ಕೊಡ್ತಿದ್ನೇನೋ, ಯಾರಿಗ್ಗೊತ್ತು” ಅಂದಳು. “ಕೇಳಬೇಕಿತ್ತಷ್ಟ.”