ಹೆಸರಿಲ್ಲದವರ ವಂಶಾವಳಿ

ಅಲೆಕ್ಸ್ ಹೇಲಿಯ ‘ರೂಟ್ಸ್’ (1976) ಓದಿದವರಲ್ಲಿ ಎರಡು ಪಕ್ಷ. 1767ರಲ್ಲಿ ಗುಲಾಮನಾಗಿ ಅಮೆರಿಕಕ್ಕೆ ಬಂದಿಳಿದ ಕುಂಟಾ ಕಿಂಟೆಯಿಂದ ಲೇಖಕನವರೆಗಿನ ಏಳು ತಲೆಮಾರಿನ ಕಥೆಯದು. ದಾಖಲೆಗಳು ಆ ವಂಶಾವಳಿಯನ್ನು ಒಪ್ಪುವುದಿಲ್ಲವೆಂದು ತಜ್ಞರು ತೋರಿಸಿದಾಗ, ಕೆಲವರು ಪುಸ್ತಕವೇ ಸುಳ್ಳೆಂದರು. ಉಳಿದವರು, ನೋವು ನಿಜವಾಗಿದ್ದರೆ ಸಾಕೆಂದರು.

ನಾನು ಬಹುಕಾಲ ಮೊದಲ ಪಕ್ಷದಲ್ಲಿದ್ದೆ. ಆಮೇಲೆ ತಿಳಿಯಿತು: 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಬಹುಪಾಲು ಗುಲಾಮರಿಗೆ ವಯಸ್ಸಿತ್ತು, ಲಿಂಗವಿತ್ತು, ಬಣ್ಣವಿತ್ತು, ಹೆಸರಿರಲಿಲ್ಲ. ಹೆಸರಿದ್ದದ್ದು ಒಡೆಯನಿಗೆ. ಹೆಸರನ್ನೇ ಬರೆದುಕೊಳ್ಳದೆ ಬಿಟ್ಟವರ ಮೊಮ್ಮಕ್ಕಳಲ್ಲಿ ದಾಖಲೆ ಕೇಳುವುದು ಯಾವ ನ್ಯಾಯ?

ಆದರೂ ಎರಡನೆಯ ಪಕ್ಷಕ್ಕೆ ಪೂರ್ತಿ ಸೇರಲಾರೆ. ಆ ಖಾಲಿ ಜಾಗವನ್ನು ಕಲ್ಪನೆಯಿಂದ ತುಂಬುವ ಹಕ್ಕು ಹೇಲಿಗಿತ್ತು. ತುಂಬಿದ್ದನ್ನು ‘ಸಿಕ್ಕಿತು’ ಎನ್ನುವ ಹಕ್ಕು ಇರಲಿಲ್ಲ.